ಇಪ್ಪತ್ತಮೂರು ಬಾಯಿಯ ಕಲ್ಲು

ನಮ್ಮ ಬಸವೇಶ್ವರನಗರದ ಮನೆಯ ನಡುಮನೆಯಲ್ಲಿ ಬೆಳಗಾದರೆ ಎರಡು ದೀಪ ಹೊತ್ತಿಕೊಳ್ಳುತ್ತಿದ್ದವು. ಒಂದು ದೇವರ ಗೂಡಿನ ಎಣ್ಣೆದೀಪ. ಇನ್ನೊಂದು ಎದುರುಗೋಡೆಗೆ ಒತ್ತಿಸಿ ಇಟ್ಟಿದ್ದ ಗಾಜಿನ ತೊಟ್ಟಿಯ ಮೇಲಿನ ಟ್ಯೂಬ್‌ಲೈಟು. ಮೊದಲನೆಯದಕ್ಕೆ ಕೈಮುಗಿಯುತ್ತಿದ್ದೆ, ಎರಡನೆಯದರ ಮುಂದೆ ಕೂತು ಬಾಯಿ ಎಣಿಸುತ್ತಿದ್ದೆ. ಎಂಬತ್ತರ ದಶಕದ ನಡುವಿನ ಸುಮಾರು ಎರಡು ವರ್ಷ ನನ್ನ ದಿನ ಶುರುವಾಗುತ್ತಿದ್ದದ್ದು ಹೀಗೆ.

ಬಾಯಿ ಅಂದರೆ ಹವಳದ ಬಾಯಿ. ಹವಳ ಅಂದಾಗ ತಾಳಿಸರದ ಕೆಂಪು ಮಣಿಯೇ ಎಲ್ಲರಿಗೂ ನೆನಪಾಗುತ್ತದೆ. ನನಗೂ ಅಷ್ಟೇ ಗೊತ್ತಿದ್ದದ್ದು. ನಮ್ಮ ಮೈದುನ ತೂತುಕುಡಿಯ ಬಂದರಿನಲ್ಲಿ ದೋಣಿ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಅಲ್ಲಿ ದೋಣಿಗಟ್ಟಲೆ ಹವಳದ ಕಲ್ಲು ತಂದು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದರಂತೆ. ಒಂದು ಶಿವರಾತ್ರಿ ಕಳೆದ ಮೇಲೆ ಅವನು ರಜೆಗೆ ಬರುವಾಗ ಆಗ ತಾನೇ ದಡಕ್ಕೆ ಬಂದ ದೋಣಿಯಿಂದ ಇನ್ನೂ ಜೀವವಿದ್ದ ಮೂರು ಕಲ್ಲುಗಳನ್ನು ಆರಿಸಿಕೊಂಡು, ಅಗಲ ಬಾಯಿಯ ಕ್ಯಾನಿನಲ್ಲಿ ಸಮುದ್ರದ ನೀರಿಗೆ ಹಾಕಿ, ರೈಲಿನುದ್ದಕ್ಕೂ ಲೋಟದಲ್ಲಿ ನೀರು ಎತ್ತಿ ಎತ್ತಿ ಸುರಿದು ಗಾಳಿಯಾಡಿಸುತ್ತ ತಂದ. ಬೆಂಕಿಗೆ ಹೋಗಬೇಕಾದದ್ದು ನಮ್ಮ ಮನೆಗೆ ಬಂತು. ಅದನ್ನು ನಾನು ಆವತ್ತೇ ಒಂದು ಪುಣ್ಯ ಅಂತ ಲೆಕ್ಕಕ್ಕೆ ಹಿಡಿದೆ.

ಎರಡು ಸಣ್ಣವು, ನಿಂಬೆಹಣ್ಣಿನಷ್ಟು. ಮೂರನೆಯದು ಮುಷ್ಟಿಗಾತ್ರದ್ದು, ಮೈಯೆಲ್ಲ ಜೇನುಗೂಡಿನ ಹಾಗೆ ಕುಳಿ ಕುಳಿ. ಒಂದೊಂದು ಕುಳಿಯಲ್ಲೂ ಹಸಿರುಗಂದು ಬಣ್ಣದ ಒಂದು ಜೀವ, ಅದರ ನಡುವೆ ಹೊಲಿಗೆ ಹಾಕಿದಂಥ ಒಂದು ಸಣ್ಣ ಬಾಯಿ.

ನಮ್ಮತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಇದೇನೋ ಇದು? ಹವಳ ಅಂದ್ರೆ ಕೆಂಪಗಿರಲ್ವೇನೋ? ನಿಮ್ಮ ಅತ್ತಿಗೆ ಕತ್ತಲ್ಲಿರೋದು ಹವಳ. ಇದು ಜಲ್ಲಿಕಲ್ಲು."

"ಅಮ್ಮಾ, ಇದಕ್ಕೆ ಜೀವ ಇದೆ ಕಣಮ್ಮಾ."

"ಕಲ್ಲಿಗೆ ಜೀವ ಇದ್ರೆ ದೇವಸ್ಥಾನದಲ್ಲಿಡು. ನಡುಮನೇಲಿ ಯಾಕೆ?"

ಆದರೆ ಸಂಜೆ ತೊಟ್ಟಿಯ ದೀಪ ಆರಿಸಿದ ಸ್ವಲ್ಪ ಹೊತ್ತಿಗೆ ಕಲ್ಲಿನ ಮೈಯಿಂದ ಒಂದೊಂದೇ ಬಾಯಿಯ ಸುತ್ತ ಕೂದಲೆಳೆಯಂಥ ಬೆರಳುಗಳು ಹೊರಬಂದು ನೀರಿನಲ್ಲಿ ಆಡತೊಡಗಿದವು. ಅತ್ತೆ ಬಾಯಿಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನೂ ಮರೆತು ನಿಂತಿದ್ದರು. ಆವತ್ತು ನಾನು ದೊಡ್ಡ ಕಲ್ಲಿನ ಬಾಯಿಗಳನ್ನು ಎಣಿಸಿದೆ. ಇಪ್ಪತ್ತಮೂರು.

ಯಜಮಾನರಿಗೆ ಮದುವೆಗೆ ಮುಂಚಿನಿಂದಲೂ ಮೀನಿನ ತೊಟ್ಟಿಯ ಹುಚ್ಚು. ತೊಟ್ಟಿ, ಗಾಳಿ ಬಿಡುವ ಮೋಟಾರು ಎಲ್ಲ ಇತ್ತು. ಟ್ಯೂಬ್‌ಲೈಟು ಎರಡಿದ್ದದ್ದು ನಾಲ್ಕಾದವು. ಅವರಿಗೆ ಫ್ಯಾಕ್ಟರಿಯಲ್ಲಿ ಮೊದಲ ಪಾಳಿ. ಹೊತ್ತು ಮೂಡುವ ಮುಂಚೆ ಹೊರಟರೆ ಮಧ್ಯಾಹ್ನವೇ ಬರುವುದು. ಹಾಗಾಗಿ ತೊಟ್ಟಿಯ ಸಂಸಾರ ನನ್ನ ತಲೆಗೇ ಬಂತು. ಹವಳಕ್ಕೆ ಮುಕ್ಕಾಲು ಪಾಲು ಊಟ ಬೆಳಕಿನಿಂದಲೇ ಆಗುತ್ತದೆ ಅಂತ ಮೈದುನ ಹೇಳಿದಾಗ ನನಗೆ ಬಹಳ ಸಮಾಧಾನವಾಯಿತು, ಯಾಕೆಂದರೆ ನಮ್ಮದು ಮೊಟ್ಟೆಯನ್ನೂ ಒಳಗೆ ತಾರದ ಅಡುಗೆಮನೆ. ಬಿಸಿಲು ಉಣ್ಣುವ ಅತಿಥಿಗೆ ನಾನು ಏನು ಬೇಕಾದರೂ ಮಾಡಬಲ್ಲೆ. ಬೆಳಗಿನ ಒಂದು ತಾಸು ಪೂರ್ವದ ಕಿಟಕಿಯ ಪರದೆ ಸರಿಸಿ ಬಿಸಿಲು ಬಡಿಸುತ್ತಿದ್ದೆ.

ನೀರು ಉಪ್ಪಿನ ಲಾರಿಯಲ್ಲಿ ಬರುತ್ತಿತ್ತು. ತೂತುಕುಡಿಯಿಂದ ಉಪ್ಪಿನ ಮೂಟೆ ತರುವ ಲಾರಿಯವರ ಕೈಲಿ ಮೈದುನ ತಿಂಗಳಿಗೆ ಎರಡು ಕ್ಯಾನು ಸಮುದ್ರದ ನೀರು ಕಳಿಸುತ್ತಿದ್ದ. ಬಾಪೂಜಿ ನಗರದ ಹತ್ತಿರದ ಗೋಡೌನಿಗೆ ಹೋಗಿ ಯಜಮಾನರು ಅದನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟುಕೊಂಡು ತರುತ್ತಿದ್ದರು. ಉಪ್ಪಿನ ಹದ ನೋಡಲು ನನ್ನ ಹತ್ತಿರ ಇದ್ದದ್ದು ಹಾಲು ಪರೀಕ್ಷಿಸುವ ಲ್ಯಾಕ್ಟೋಮೀಟರು. ಮೈದುನ ಒಳ್ಳೆಯ ಸಮುದ್ರದ ನೀರಿನಲ್ಲಿ ಅದನ್ನು ತೇಲಿಸಿ, ಇಪ್ಪತ್ತೈದರ ಗೆರೆ ಹದ ಅಂತ ತೋರಿಸಿಕೊಟ್ಟಿದ್ದ.

ಒಂದು ಬೆಳಗ್ಗೆ ಹಾಲಿನವನು ಬಾಗಿಲಲ್ಲಿ ನಿಂತು ಇದನ್ನು ನೋಡಿಬಿಟ್ಟ. "ಏನಮ್ಮಾ, ನಮ್ಮ ಹಾಲು ಆಯ್ತು, ಈಗ ಸಮುದ್ರಕ್ಕೂ ಮೀಟರ್ ಹಾಕ್ತಿದೀರಾ?"

"ಸಮುದ್ರ ಇಪ್ಪತ್ತೈದು ತೋರಿಸ್ತಪ್ಪ. ನಿನ್ನ ಹಾಲು ಇವತ್ತು ಇಪ್ಪತ್ತೆರಡು."

"ಅದಕ್ಕೆ ಉಪ್ಪು ಬೆರೆಸಿರ್ತಾರೆ ಬಿಡಿ. ನಾವು ಅಂಥದ್ದೆಲ್ಲ ಮಾಡಲ್ಲ" ಅಂತ ಹಾಲು ಅಳೆದುಕೊಟ್ಟು ನಗುತ್ತ ಹೋದ.

ಸಾರು ಕುದ್ದು ಕುದ್ದು ಇಂಗಿದರೆ ಉಪ್ಪಾಗುತ್ತದಲ್ಲ, ತೊಟ್ಟಿಯ ನೀರೂ ಹಾಗೇ. ಗಾಳಿಗೆ ಆರಿದಷ್ಟೂ ಉಪ್ಪು ಏರುತ್ತದೆ. ಆರಿದಷ್ಟು ಸಿಹಿನೀರನ್ನು ದಿನಾ ಹಾಕಬೇಕು. ಗಾಜಿನ ಹೊರಗೆ ನೀರಿನ ಮಟ್ಟಕ್ಕೆ ಒಂದು ಕುಂಕುಮದ ಬೊಟ್ಟು ಇಟ್ಟಿದ್ದೆ. ನಲ್ಲಿ ನೀರನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ದಿನ ಇಟ್ಟು, ಕ್ಲೋರಿನ್ ವಾಸನೆ ಹೋದ ಮೇಲೆ ಆ ಬೊಟ್ಟಿನವರೆಗೆ ತುಂಬುತ್ತಿದ್ದೆ. ಬೇಸಿಗೆಯೆಲ್ಲ ಹೀಗೆ ಚೆನ್ನಾಗಿಯೇ ನಡೆಯಿತು.

ಶ್ರಾವಣ ಬಂತು. ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಎಲ್ಲವೂ ಮಡಿ. ತುಳಸಿಗೆ ಮಡಿನೀರು, ಒಲೆಗೆ ಮಡಿನೀರು, ಈ ಜೀವಕ್ಕೆ ಮಾತ್ರ ಬಚ್ಚಲ ಬಕೆಟ್ಟಿನ ನೀರೇ ಅಂತ ನನ್ನ ಮನಸ್ಸಿಗೆ ಕಸಿವಿಸಿಯಾಯಿತು. ದೇವರ ಮುಂದಿನ ತಾಮ್ರದ ಚೊಂಬಿನಲ್ಲಿ ಹಿಂದಿನ ದಿನ ತುಂಬಿಟ್ಟ ನೀರನ್ನೇ ಹಾಕಲು ಶುರುಮಾಡಿದೆ. ತಾಮ್ರದಲ್ಲಿ ನಿಂತ ನೀರು ಕುಡಿದರೆ ಮೈಗೆ ಒಳ್ಳೆಯದು ಅಂತ ಹುಟ್ಟಿದಾಗಿನಿಂದ ಕೇಳಿದವಳು ನಾನು. ಸ್ತೋತ್ರ ಹೇಳಿಕೊಳ್ಳುತ್ತ, ಒಂದು ಹನಿಯೂ ಚೆಲ್ಲದ ಹಾಗೆ ಸುರಿಯುತ್ತಿದ್ದೆ.

ಮೊದಲು, ಕಲ್ಲಿನ ಜೊತೆಗೇ ಬಂದು ಗಾಜಿನ ಪಾಚಿ ತಿನ್ನುತ್ತಿದ್ದ ಪುಟ್ಟ ಬಸವನಹುಳುಗಳು ನೀರಿನಿಂದ ಮೇಲೆ ಹತ್ತಿಬಂದು ಅಲ್ಲೇ ಒಣಗಿದವು. ಮಳೆಗಾಲಕ್ಕೆ ಹಾಗಾಗುತ್ತದೇನೋ ಅಂದುಕೊಂಡೆ. ವಾರದೊಳಗೆ ಒಂದು ಸಣ್ಣ ಹವಳ ಬಿಳಚಿಕೊಂಡು ಬರಿ ಕಲ್ಲಾಯಿತು. ಆಮೇಲೆ ಇನ್ನೊಂದು. ನಾನು ಇನ್ನೂ ಭಕ್ತಿಯಿಂದ ಇನ್ನೊಂದು ಚೊಂಬು ಹೆಚ್ಚಿಗೆ ಹಾಕಿದೆ. ಗೌರಿಹಬ್ಬದ ಹೊತ್ತಿಗೆ ದೊಡ್ಡ ಕಲ್ಲಿನ ಬಾಯಿಗಳೂ ಒಂದೊಂದಾಗಿ ಮುಚ್ಚತೊಡಗಿದ್ದವು. ಇಪ್ಪತ್ತಮೂರು ಹೋಗಿ ಹದಿನೈದು, ಹದಿಮೂರು.

ಹಬ್ಬಕ್ಕೆ ಮೈದುನ ಬಂದ. ಬೆಳಗ್ಗೆ ಕಾಫಿ ಲೋಟ ಹಿಡಿದುಕೊಂಡೇ ನಡುಮನೆಗೆ ಬಂದವನು ನನ್ನ ಕೈಯನ್ನೇ ನೋಡುತ್ತ ನಿಂತ.

"ಅತ್ತಿಗೆ, ಆ ಚೊಂಬು ಯಾವುದ್ರದ್ದು?"

"ತಾಮ್ರದ್ದು ಕಣಪ್ಪಾ, ದೇವರ ಮುಂದಿಂದು. ಶ್ರಾವಣದಿಂದ ಮಡಿನೀರೇ ಹಾಕ್ತಿರೋದು."

"ಅಯ್ಯೋ ನಿಲ್ಸಿ ಅತ್ತಿಗೆ! ಹಾಕ್ಬೇಡಿ!" ಅವನ ಕಾಫಿ ನೆಲಕ್ಕೆ ಚೆಲ್ಲಿತು. "ನಮ್ಮ ವರ್ಕ್‌ಶಾಪಲ್ಲಿ ದೋಣಿ ತಳಕ್ಕೆ ತಾಮ್ರದ ಪೇಂಟ್ ಬಳೀತೀವಿ. ಯಾಕೆ ಗೊತ್ತಾ? ಚಿಪ್ಪು, ಹುಳ ಯಾವ್ದೂ ಅಂಟ್ಕೋಬಾರ್ದು ಅಂತ. ಅಂಟ್ಕೊಂಡ್ರೆ ಸಾಯ್ಲಿ ಅಂತ."

ನಾನು ಚೊಂಬನ್ನು ಕೆಳಗಿಟ್ಟೆ. ಒಂದು ತಿಂಗಳು ದಿನಾ ಸ್ತೋತ್ರ ಹೇಳಿಕೊಂಡು ವಿಷ ಎರೆದಿದ್ದೆ. ಎರಡು ಜೀವ ನನ್ನ ಕೈಯಿಂದಲೇ ಹೋದವು, ಅದೂ ಮಡಿಯಲ್ಲಿ.

ಯಜಮಾನರು ಬೈಯುವವರಲ್ಲ. ಬೈದಿದ್ದರೇ ಹಗುರಾಗುತ್ತಿತ್ತು. ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಇದೂ ಹೋದ್ರೆ ತೊಟ್ಟಿ ಯಾರಿಗಾದ್ರೂ ಕೊಟ್ಬಿಡೋಣ ಕಣೇ" ಅಂದರು. "ಎಲ್ಲೋ ಇರೋ ಜೀವಾನ ತಂದು ಕೊಲ್ಲೋಕೆ ನಮಗೇನು ಅಧಿಕಾರ?"

ಅವರ ಮಾತು ನ್ಯಾಯವಾಗಿಯೇ ಇತ್ತು. ಆವತ್ತು ಗೌರಿಗೆ ಆರತಿ ಎತ್ತುವಾಗ ನಾನು ಹರಕೆ ಹೊತ್ತೆ. ಬಂದಾಗ ಇದ್ದ ಇಪ್ಪತ್ತಮೂರು ಬಾಯಿ ಮತ್ತೆ ತುಂಬುವವರೆಗೆ ಕಾಫಿ ಮುಟ್ಟುವುದಿಲ್ಲ. ಬೆಳಗ್ಗೆ ಎರಡು, ಮಧ್ಯಾಹ್ನ ಒಂದು, ಸಂಜೆ ಒಂದು ಲೋಟ ಕುಡಿಯುತ್ತಿದ್ದವಳು ನಾನು. ಕೊಡುವುದಾದರೆ ಕಳೆದುಕೊಂಡದ್ದು ಗೊತ್ತಾಗುವಂಥದ್ದನ್ನೇ ಕೊಡಬೇಕು ಅನ್ನಿಸಿತು.

ಹರಕೆಯಷ್ಟೇ ಸಾಲದು, ತೊಟ್ಟಿಯ ನೀರೂ ಮರಳೂ ಎಲ್ಲ ಹೊರಗೆ ಹೋಗಬೇಕಿತ್ತು. ಮೈದುನ ಪೋಸ್ಟಾಫೀಸಿಗೆ ಹೋಗಿ ಟ್ರಂಕ್ ಕಾಲ್ ಮಾಡಿ ವರ್ಕ್‌ಶಾಪಿನವರಿಗೆ ಮುಂದಿನ ಲಾರಿಯಲ್ಲಿ ಆರು ಕ್ಯಾನು ಕಳಿಸಲು ಹೇಳಿದ. ಅದು ಬರಲು ಎಂಟು ದಿನ. ಮನೆಯಲ್ಲಿ ತೆರೆಯದೆ ಉಳಿದಿದ್ದದ್ದು ಒಂದೇ ಕ್ಯಾನು. ಅಲ್ಲಿಯವರೆಗೆ ಹವಳವನ್ನು ಎಲ್ಲಿಡುವುದು? ಬಚ್ಚಲ ಬಕೆಟ್ಟಿಗೆ ಈಗ ಸೋಪು ಹತ್ತಿದೆ ಅಂದ, ಸ್ಟೀಲ್ ಪಾತ್ರೆ ಬೇಡ ಅಂದ, ಹಿತ್ತಾಳೆಯಲ್ಲೂ ತಾಮ್ರವೇ, ಅದನ್ನಂತೂ ಕಣ್ಣೆತ್ತಿ ನೋಡಬೇಡಿ ಅಂದ.

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಬಂದರು. ಕೈಯಲ್ಲಿ ಅವರ ಮಾವಿನಕಾಯಿ ಉಪ್ಪಿನಕಾಯಿಯ ದೊಡ್ಡ ಭರಣಿ. ಅದನ್ನು ಅವರು ನನಗೂ ಮುಟ್ಟಲು ಬಿಡುತ್ತಿರಲಿಲ್ಲ. ಉಪ್ಪಿನಕಾಯಿಯನ್ನು ಬೇರೆ ಡಬ್ಬಿಗೆ ತೋಡಿ ಬರಿದು ಮಾಡಿದ್ದರು.

"ತಗೋ. ಹದಿನೈದು ವರ್ಷ ಉಪ್ಪು ತಿಂದಿರೋ ಭರಣಿ. ಉಪ್ಪುನೀರಿಗೆ ಹೆದರಲ್ಲ."

"ಅಮ್ಮಾ, ಖಾರ ಇರುತ್ತೆ" ಅಂದ ಮೈದುನ.

"ತೊಳೀರೋ. ಎಲ್ಲಾನೂ ನಾನೇ ಹೇಳ್ಕೊಡ್ಬೇಕಾ?"

ಸೋಪು ಮುಟ್ಟಿಸದೆ ಕಲ್ಲುಪ್ಪು, ಬಿಸಿನೀರು ಹಾಕಿ ಆರು ಸಲ ತೊಳೆದು ಬಿಸಿಲಿಗಿಟ್ಟೆ. ಸಂಜೆಯ ಹೊತ್ತಿಗೆ ಹವಳ ಭರಣಿಯೊಳಗೆ ಕೂತಿತ್ತು. ಮೋಟಾರಿನ ಗಾಳಿಯ ಕೊಳವೆ ಒಳಗೆ ಇಳಿಬಿಟ್ಟು, ಭರಣಿಯನ್ನು ಕಿಟಕಿಯ ಕೆಳಗೆ ಇಟ್ಟೆವು. ಹಳೆಯ ನೀರು ಹಿತ್ತಲ ತೆಂಗಿನಮರದ ಬುಡಕ್ಕೆ ಹೋಯಿತು. ಎಂಟು ದಿನ ಹೋಗುತ್ತ ಬರುತ್ತ ಮನೆಯವರೆಲ್ಲ ಭರಣಿಯೊಳಗೆ ಇಣುಕುತ್ತಿದ್ದೆವು. ಶಾಲೆಯಿಂದ ಬಂದ ಮಗಳು ಚೀಲ ಬಿಸಾಡಿ ಮೊದಲು ಅಲ್ಲಿಗೇ ಓಡುತ್ತಿದ್ದಳು.

ಲಾರಿ ಬಂತು. ಹೊಸ ಮರಳು, ಹೊಸ ನೀರು. ತೊಟ್ಟಿಗೆ ವಾಪಸು ಬಿಟ್ಟ ದಿನ ಎಣಿಸಿದರೆ ಹನ್ನೊಂದು ಬಾಯಿ. ಅರ್ಧಕ್ಕರ್ಧ ಕಲ್ಲು ಬೆಳ್ಳಗೆ ಬೋಳಾಗಿತ್ತು. ಆದರೆ ಆ ಹನ್ನೊಂದೂ ಆವತ್ತು ಸಂಜೆ ಬೆರಳು ಚಾಚಿದವು. ಹನ್ನೆರಡನೆಯದು ಇಲ್ಲವಲ್ಲ ಅಂತ ಅಳುವ ಬದಲು ಹನ್ನೊಂದಕ್ಕೂ ಒಂದೊಂದು ನಮಸ್ಕಾರ ಹಾಕಿದೆ. ಚೊಂಬನ್ನು ತೊಳೆದು ಅದರ ಜಾಗಕ್ಕೇ ಇಟ್ಟೆ. ಅದರ ತಪ್ಪೇನಿದೆ? ನಮ್ಮ ಹೊಟ್ಟೆಗೆ ಆಗುವುದು ಅವುಗಳ ಮೈಗೆ ಆಗುವುದಿಲ್ಲ, ಅಷ್ಟೇ. ಪಥ್ಯ ಕೇಳದೆ ಬಡಿಸಿದ್ದು ನಾನು.

ಆಮೇಲೆ ನಾಲ್ಕು ತಿಂಗಳು ಹನ್ನೊಂದು ಹನ್ನೊಂದಾಗಿಯೇ ಉಳಿಯಿತು. ಸಾಯಲಿಲ್ಲ, ಬೆಳೆಯಲೂ ಇಲ್ಲ. ಬೆಳಗ್ಗೆ ಎದ್ದು ಕಾಫಿ ಪುಡಿಯ ಡಬ್ಬಿಯ ಮುಚ್ಚಳ ತೆಗೆದು ಮಿಕ್ಕವರಿಗೆ ಡಿಕಾಕ್ಷನ್ ಹಾಕುವಾಗ ಆ ಘಮಕ್ಕೆ ನನ್ನ ತಲೆ ಸಿಡಿಯುತ್ತಿತ್ತು. ಯಜಮಾನರು, "ಬಿಡೇ, ದೇವರಿಗೆ ಅರ್ಥ ಆಗುತ್ತೆ" ಅನ್ನುವರು. ನಾನು ಬಿಸಿ ಹಾಲಿಗೆ ಜೀರಿಗೆ ಹಾಕಿಕೊಂಡು ಕುಡಿಯುತ್ತಿದ್ದೆ.

ಸಂಕ್ರಾಂತಿಯ ಮುಂಚಿನ ಒಂದು ಮಧ್ಯಾಹ್ನ ಅತ್ತೆ ತೊಟ್ಟಿಯ ಮುಂದೆ ಕಾಲು ನೀಡಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚುವುದನ್ನು ನಿಲ್ಲಿಸಿ ಬೆರಳತುದಿಯನ್ನೇ ನೋಡಿಕೊಂಡರು.

"ಅಲ್ಲ ಕಣೇ, ಅಲ್ಲಿ ಇಂಥವನ್ನೇ ಸುಟ್ಟು ಸುಣ್ಣ ಮಾಡ್ತಾರೆ ಅಂದ್ನಲ್ಲ ಅವನು. ಹಾಗಾದ್ರೆ ನಾನು ದಿನಾ ಮೆಲ್ತಿರೋದು ಇದರ ಅಣ್ಣತಮ್ಮಂದಿರನ್ನೇನು?"

ಇಬ್ಬರೂ ನಕ್ಕೆವು. ಆದರೆ ಅವರ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಸುಟ್ಟರೆ ಸುಣ್ಣವಾಗುತ್ತದೆ ಅಂದರೆ ಇದರ ಮೂಳೆಯೇ ಸುಣ್ಣ. ಸಮುದ್ರದಲ್ಲಿ ಅದಕ್ಕೆ ಬೇಕಾದಷ್ಟು ಸಿಗುತ್ತದೆ. ಇಷ್ಟು ಚಿಕ್ಕ ತೊಟ್ಟಿಯಲ್ಲಿ ಇದ್ದಬದ್ದದ್ದು ಮುಗಿದುಹೋಗಿದ್ದರೆ ಪಾಪ ಅದು ಯಾವುದರಿಂದ ಮನೆ ಕಟ್ಟಿಕೊಳ್ಳಬೇಕು?

"ಅತ್ತೆ, ಮಗು ಹಾಲು ಕಕ್ಕುವಾಗ ಸುಣ್ಣದ ತಿಳಿ ಕೊಡ್ತಿದ್ರಲ್ಲ, ಹೇಗೆ ಮಾಡ್ತಿದ್ರಿ?"

"ಕಡಲೆಕಾಳಷ್ಟು ಸುಣ್ಣ, ಒಂದು ಬಾಟ್ಲಿ ನೀರು. ಕದಡಿ ಮುಚ್ಚಿಡು. ಮಾರನೆ ದಿನ ಮೇಲಿನ ತಿಳಿ ಮಾತ್ರ ತಗೋ. ತಳ ಕದಡ್ತೋ, ಕೆಟ್ಟೆ." ಹೇಳಿದ ಮೇಲೆ ನನ್ನ ಮುಖ ನೋಡಿದರು. "ಯಾಕೆ? ಕಲ್ಲಿಗೆ ಕುಡಿಸ್ತೀಯಾ?"

ಕುಡಿಸಿದೆ. ಆತುರದಲ್ಲಿ ಒಂದು ಲೋಟ ತಿಳಿಯನ್ನು ಒಮ್ಮೆಲೇ ಸುರಿದುಬಿಟ್ಟೆ. ತೊಟ್ಟಿಯ ನೀರು ನೀರುಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಹನ್ನೊಂದು ಬಾಯಿಯೂ ಒಟ್ಟಿಗೆ ಮುದುಡಿಕೊಂಡವು. ಮತ್ತೆ ನನ್ನ ಕೈಯಿಂದಲೇ! ಇದ್ದ ಕ್ಯಾನಿನ ನೀರು ಸುರಿದು ಅರ್ಧ ತೊಟ್ಟಿ ಬದಲಾಯಿಸಿದೆ. ಮೂರು ದಿನಕ್ಕೆ ಬಾಯಿ ಬಿಟ್ಟವು. ದೇವರು ಎರಡನೆಯ ಸಲವೂ ನನ್ನನ್ನು ಕಾಪಾಡಿದ.

ಬೇರೆ ಯಾರಾದರೂ ಅಲ್ಲಿಗೆ ಬಿಡುತ್ತಿದ್ದರೇನೋ. ನನಗೆ ಮಾತ್ರ ತಪ್ಪು ಸುಣ್ಣದ್ದಲ್ಲ, ಸುರಿದ ರೀತಿಯದು ಅನ್ನಿಸಿತು. ಶಿವನ ಗುಡಿಯಲ್ಲಿ ಬೇಸಿಗೆಗೆ ಲಿಂಗದ ಮೇಲೆ ಧಾರಾಪಾತ್ರೆ ಕಟ್ಟುತ್ತಾರೆ, ತಳದ ತೂತಿನಿಂದ ಹಗಲೆಲ್ಲ ಹನಿ ಹನಿಯಾಗಿ ನೀರು ಇಳಿಯುತ್ತದೆ. ಲಿಂಗಕ್ಕೆ ಕೊಡ ಎತ್ತಿ ಯಾರೂ ಒಮ್ಮೆಲೇ ಬೋರಲು ಹಾಕುವುದಿಲ್ಲ. ಗುಡಿಯದು ತಾಮ್ರದ ಪಾತ್ರೆ, ಅದು ನಮಗಾಗದು. ಕುಂಬಾರನಿಂದ ಒಂದು ಮಣ್ಣಿನ ಕುಡಿಕೆ ತಂದು, ತಳಕ್ಕೆ ಸಣ್ಣ ತೂತು ಕೊರೆಸಿ, ಹೂಬತ್ತಿಯ ಹತ್ತಿ ಹೊಸೆದು ತುರುಕಿದೆ. ಯಜಮಾನರು ಮರದ ಪಟ್ಟಿಯಲ್ಲಿ ಸ್ಟ್ಯಾಂಡು ಮಾಡಿಕೊಟ್ಟರು. ಟ್ಯೂಬ್‌ಲೈಟು ಹಾಕುವ ಮುಂಚೆ, ನಾನು ಪೂಜೆಗೆ ಕೂತು ಏಳುವಷ್ಟರಲ್ಲಿ, ಆ ದಿನ ತುಂಬಬೇಕಾದ ನೀರೆಲ್ಲ ಸುಣ್ಣದ ತಿಳಿಯಾಗಿ ಹನಿ ಹನಿ ಇಳಿದು ಮುಗಿಯುತ್ತಿತ್ತು. ಟಪ್, ಟಪ್ ಅನ್ನುವ ಆ ಸದ್ದಿಗೆ ನನ್ನ ಜಪವೂ ಹೊಂದಿಕೊಂಡಿತು.

"ನಿನ್ನ ಲಿಂಗಕ್ಕೆ ಧಾರೆ ಆಯ್ತಾ?" ಅಂತ ಅತ್ತೆ ದಿನಾ ಕೇಳುವರು. ಅಣಕವೋ ಕಾಳಜಿಯೋ ಹೇಳುವುದು ಕಷ್ಟ. ತಿಳಿಯ ಬಾಟ್ಲಿ ಕದಡದ ಹಾಗೆ ಕಾಯುತ್ತಿದ್ದವರು ಮಾತ್ರ ಅವರೇ.

ಯುಗಾದಿಯ ಹೊತ್ತಿಗೆ ಹಸಿರಿನ ಅಂಚಿನಲ್ಲಿ ಉಗುರಿನ ಗೆರೆಯಷ್ಟು ತೆಳ್ಳಗೆ ಹೊಸ ಬಿಳುಪು ಕಂಡಿತು. ಸಾವಿನ ಬಿಳುಪಲ್ಲ, ಹೊಸದಾಗಿ ಸುಣ್ಣ ಹೊಡೆದ ಗೋಡೆಯ ಬಿಳುಪು. ಆ ಬಿಳುಪಿನ ಮೇಲೆ ಹಸಿರು ಮೆಲ್ಲಗೆ ಹಬ್ಬಿತು. ಆಮೇಲೆ ಒಂದು ಬಾಯಿ ಉದ್ದಕ್ಕೆ ಎಳೆದುಕೊಂಡು, ಚಪಾತಿ ಹಿಟ್ಟಿನ ಉಂಡೆಯನ್ನು ನಡುವೆ ಚಿವುಟಿದ ಹಾಗಾಗಿ, ಒಂದು ವಾರಕ್ಕೆ ಎರಡಾಯಿತು. ಹನ್ನೆರಡು! ನಾನು ಕೂಗಿಕೊಂಡದ್ದಕ್ಕೆ ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿ, "ಏನಾಯ್ತ್ರೀ, ಹಾವಾ?" ಅಂದರು.

ಅದಾದ ಮೇಲೆ ಹವಳ ಹಿಂದೆ ತಿರುಗಲಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ಕರೆಂಟು ಹೋದರೆ ಮೋಟಾರು ನಿಲ್ಲುತ್ತಿತ್ತು. ಆಗ ನಾನೂ ಅತ್ತೆಯೂ ಸರದಿಯ ಮೇಲೆ ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರು ತೋಡಿ, ಬಿಸಿ ಕಾಫಿ ಆರಿಸುವ ಹಾಗೆ ಮೇಲಿನಿಂದ ಸುರಿಯುತ್ತಿದ್ದೆವು. ತೊಟ್ಟಿ ಬಿಸಿಯಾಗದಿರಲೆಂದು ಗಾಜಿಗೆ ಒದ್ದೆ ಬಟ್ಟೆ ಹೊದಿಸುತ್ತಿದ್ದೆವು. ನಮ್ಮ ಬೆಂಗಳೂರಿನ ತಂಪು ಮಿಕ್ಕದ್ದನ್ನು ನೋಡಿಕೊಂಡಿತು. ಮತ್ತೆ ಗೌರಿಹಬ್ಬ ಬಂದಾಗ ಹತ್ತೊಂಬತ್ತು. ಬೋಳಾಗಿದ್ದ ಕಡೆ ಪೂರ್ತಿ ಮುಚ್ಚಿತ್ತು. ಮೈದುನ ಗಾಜಿಗೆ ಮೂಗು ಒತ್ತಿ ನೋಡಿ, "ಅತ್ತಿಗೆ, ನೀವು ಬಂದರಿಗೇ ಬಂದ್ಬಿಡಿ. ನಮ್ಮ ಸಾಹೇಬ್ರಿಗೆ ಪಾಠ ಹೇಳಿ" ಅಂದ. ಸುಣ್ಣದ ವಿಷಯ ಅವನಿಗೂ ಗೊತ್ತಿರಲಿಲ್ಲ.

ಕಾರ್ತಿಕದಲ್ಲಿ ಇಪ್ಪತ್ತೆರಡಕ್ಕೆ ಬಂದು ನಿಂತಿತು. ಒಂದು ಬಾಯಿ ಉದ್ದವಾಗಿ ಎಳೆದುಕೊಂಡು ಚಿವುಟಿಕೊಳ್ಳದೆ ಹಾಗೇ ಸತಾಯಿಸುತ್ತಿತ್ತು. ಯಜಮಾನರು ಕಾಫಿ ಲೋಟ ನನ್ನ ಮೂಗಿನ ಹತ್ತಿರ ಹಿಡಿದು, "ಇಪ್ಪತ್ತೆರಡೂವರೆ ಅಂತ ಇಟ್ಕೊ. ಅರ್ಧ ಲೋಟ ಕುಡಿ" ಅಂದರು.

"ಅರ್ಧ ಬಾಯಿ ಅಂತ ಇರಲ್ರೀ. ಇದ್ರೆ ಇದೆ, ಇಲ್ದಿದ್ರೆ ಇಲ್ಲ."

"ದೇವರಿಗಿಂತ ನೀನೇ ಕಟ್ಟುನಿಟ್ಟು."

ಸಂಕ್ರಾಂತಿಯ ಬೆಳಗ್ಗೆ ಅತ್ತೆ ತಟ್ಟೆ ತುಂಬ ಅವರೆಕಾಳು ಬಿಡಿಸಿಕೊಂಡು ತೊಟ್ಟಿಯ ಮುಂದೆಯೇ ಕೂತಿದ್ದರು. ನಾನು ಎಂದಿನಂತೆ ಎಣಿಸಿದೆ. ಎಣಿಕೆ ತಪ್ಪಿತೆಂದು ಮತ್ತೆ ಎಣಿಸಿದೆ.

"ಗಾಬರಿ ಬೀಳ್ಬೇಡ. ನೀನು ಬೊಟ್ಟು ಮಾಡು, ನಾನು ಕಾಳು ಹಾಕ್ತೀನಿ" ಅಂದು ಅತ್ತೆ ಖಾಲಿ ತಟ್ಟೆ ಎಳೆದುಕೊಂಡರು. ನಾನು ಗಾಜಿನ ಮೇಲೆ ಒಂದೊಂದು ಬಾಯಿಗೂ ಬೆರಳಿಟ್ಟು "ಇದು" ಅಂದೆ. ಒಂದೊಂದು "ಇದು"ವಿಗೂ ಒಂದೊಂದು ಕಾಳು ತಟ್ಟೆಗೆ ಬಿತ್ತು. ಎಳೆದುಕೊಂಡಿದ್ದ ಬಾಯಿ ಎರಡಾಗಿತ್ತು. ಅಷ್ಟೇ ಅಲ್ಲ, ಕೆಳಗಿನ ಅಂಚಿನಲ್ಲಿ, ನಾನು ನೋಡುವುದನ್ನೇ ಮರೆತಿದ್ದ ಮೂಲೆಯಲ್ಲಿ, ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡದಾದ ಇನ್ನೊಂದು.

ಅತ್ತೆ ತಟ್ಟೆಯ ಕಾಳು ಎಣಿಸಿದರು. ಇಪ್ಪತ್ತನಾಲ್ಕು. ಬಂದಾಗ ಇದ್ದದ್ದಕ್ಕಿಂತ ಒಂದು ಹೆಚ್ಚು.

"ಹಾಗಾದ್ರೆ ಮನೇಲಿ ಹೆರಿಗೆ ಆಗಿದೆ ಅಂತಾಯ್ತು" ಅಂದರು ಅತ್ತೆ, ಬಹಳ ಗಂಭೀರವಾಗಿ. "ನಮಗೆ ಪುರುಡಾ? ಹಬ್ಬ ಮಾಡ್ಬೋದೋ ಇಲ್ವೋ?"

ಯಜಮಾನರು ಸ್ನಾನ ಮುಗಿಸಿ ಟವೆಲಿನಲ್ಲೇ ಓಡಿಬಂದಿದ್ದರು. "ಕೂಸಿನ ಗೋತ್ರ ಬೇರೆ ಅಮ್ಮಾ, ಸಮುದ್ರದ್ದು. ನಮಗೆ ಪುರುಡಿಲ್ಲ. ಮಾಡಿ ಹಬ್ಬ!"

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಇಪ್ಪತ್ತನಾಲ್ಕನೆಯ ಕಾಳನ್ನು ತೆಗೆದು ದೇವರ ಮುಂದೆ ಆ ತಾಮ್ರದ ಚೊಂಬಿನ ಪಕ್ಕ ಇಟ್ಟೆ. ಉಳಿದ ಇಪ್ಪತ್ತಮೂರು ಅವತ್ತಿನ ಹುಳಿಗೆ ಹೋದವು. ತೊಟ್ಟಿಯನ್ನು ಯಾರಿಗೆ ಕೊಡುವುದು ಅನ್ನುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಅಡುಗೆಮನೆಯಲ್ಲಿ ಲೋಟದ ಸದ್ದಾಯಿತು. ನಮ್ಮ ಮದುವೆಯಾದಾಗಿನಿಂದ ಯಜಮಾನರು ಒಲೆ ಹಚ್ಚಿದ್ದು ನಾನು ಕಂಡಿರಲಿಲ್ಲ. ಕಾಫಿ ಸ್ವಲ್ಪ ಸೀದಿತ್ತು, ಸಕ್ಕರೆ ಜಾಸ್ತಿಯಾಗಿತ್ತು. ಹದಿನಾರು ತಿಂಗಳ ಮೇಲೆ ಬಾಯಿಗೆ ಬಿದ್ದ ಮೊದಲ ಗುಟುಕು. ಇಪ್ಪತ್ತನಾಲ್ಕು ಬಾಯಿಯ ಎದುರು ಕೂತು, ತಳದ ಸಕ್ಕರೆಯವರೆಗೂ ಕುಡಿದು, ಇನ್ನೊಂದು ಲೋಟ ಕೇಳಿದೆ.